ಮಾವ ಒಪ್ಪದ ಗಡಿಯಾರಗಳು

ನಮ್ಮ ಸೋದರಮಾವ ಮದುವೆಗೆಂದು ನೋಡಿದ ಹೆಣ್ಣು ಒಂದೇ. ನೋಡಿ, ಚಹಾ ಕುಡಿದು, ಬಸಿ ಕೆಳಗಿಡುವುದರೊಳಗೆ ಒಪ್ಪಿಬಿಟ್ಟಿದ್ದನಂತೆ. ಆದರೆ ನನಗೆಂದು ಅವನು ನೋಡಿದ ಗಡಿಯಾರಗಳು? ಸಿಂಧನೂರಿನಲ್ಲಿ ನೋಡಿದ, ಲಿಂಗಸುಗೂರಿನಲ್ಲಿ ನೋಡಿದ, ನಮ್ಮ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಮುಂಗೈ ಹಿಡಿದು ಹಿಡಿದು ನೋಡಿದ. ಒಂದಕ್ಕೂ ಹೂಂ ಅನ್ನಲಿಲ್ಲ! ಒಂದರ ಮುಳ್ಳು ಸರಿಯಿಲ್ಲ, ಒಂದರ ಬೆಲ್ಟು ಸರಿಯಿಲ್ಲ, ಇನ್ನೊಂದರ ಟಿಕ್ ಟಿಕ್ ಸದ್ದಿನಲ್ಲಿ ಸೊಕ್ಕಿದೆಯಂತೆ. ಗಡಿಯಾರದ ಸದ್ದಿಗೆ ಸೊಕ್ಕು! ಕೇಳಿದ್ದೀರಾ ಎಲ್ಲಾದರೂ? ಇಂಥವನ ಜೊತೆ ಸಂಸಾರ ಮಾಡಿದ ನಮ್ಮ ಅತ್ತೆಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ನನ್ನ ಮಗಳು ಓಡುವುದಕ್ಕೆಂದು ಕೈಗಡಿಯಾರ ಹುಡುಕುತ್ತ ಕೂತಿದ್ದಳು. ಈಗಿನವು ಆಕಾಶದಲ್ಲಿರುವ ಉಪಗ್ರಹವನ್ನು ಕೇಳಿ, ನೀನು ಇಷ್ಟು ದೂರ ಓಡಿದೆ ಎಂದು ಹೇಳುತ್ತವಂತೆ. ಈಜಿದರೆ ಈಜಿದೆ ಅನ್ನುತ್ತವೆ, ಸೈಕಲ್ ತುಳಿದರೆ ತುಳಿದೆ ಅನ್ನುತ್ತವೆ, ಮಲಗಿದರೆ ಎಷ್ಟು ಮಲಗಿದೆ ಎಂದೂ ಹೇಳುತ್ತವೆ. ಮಲಗಿದ್ದು ನಮಗೇ ಗೊತ್ತಿರುವುದಿಲ್ಲವೇ? ವಾರದಿಂದ ಫೋನು ತಿಕ್ಕುತ್ತ, ಇದರಲ್ಲಿ ಅದಿಲ್ಲ, ಅದರಲ್ಲಿ ಇದಿಲ್ಲ ಎಂದು ಗೊಣಗುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ, ಮಾವನ ಮೇಲೆ. ಎಂಬತ್ತರ ದಶಕದಲ್ಲಿ ಹತ್ತಿಸಿಕೊಂಡ ಸಿಟ್ಟು, ಇನ್ನೂ ಬಿಸಿಯಾಗಿಯೇ ಇದೆ.

ಮಾವ ಮಸ್ಕಿಯಲ್ಲಿ ಟೇಲರ್. ಬಸ್‌ಸ್ಟ್ಯಾಂಡಿನಿಂದ ಲಿಂಗಸುಗೂರು ರಸ್ತೆಗೆ ತಿರುಗಿದರೆ ಬೇವಿನ ಮರ, ಮರದ ಕೆಳಗೆ ತಗಡಿನ ಅಂಗಡಿ, ಅಂಗಡಿಯೊಳಗೆ ಒಂದು ಕಾಲುಮಷೀನು, ಮಷೀನಿನ ಹಿಂದೆ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡ ಮಾವ. ಆ ಪಟ್ಟಿಯನ್ನು ಅವನು ಊಟಕ್ಕೆ ಕೂತಾಗಲೂ ತೆಗೆಯುತ್ತಿರಲಿಲ್ಲ. ಆದರೆ ಅದರ ಮಾತನ್ನು ಒಂದು ದಿನವೂ ಕೇಳಿದವನಲ್ಲ! ಅಳತೆ ತೆಗೆಯುವಾಗ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಹೊಲಿಯುವಾಗ ತನ್ನ ಮನಸ್ಸಿಗೆ ಬಂದಷ್ಟು ಬಟ್ಟೆ ಒಳಗೆ ಬಿಟ್ಟು ಹೊಲಿಯುತ್ತಿದ್ದ. ಸಾಲೆಗೆ ಹೋಗುವ ಮಕ್ಕಳ ಅಂಗಿ ಮಂಡಿ ಮುಟ್ಟುತ್ತಿದ್ದವು. ಯಾರಾದರೂ ಜಗಳಕ್ಕೆ ಬಂದರೆ ಒಂದೇ ಮಾತು.

"ಬೆಳೆಯೋ ಮೈ ಬೇ ಯವ್ವಾ. ಬಿಟ್ಟೇ ಹೊಲೀಬೇಕು. ಮುಂದ ತುಂಬತೈತಿ."

ಇನ್ನು ಹೊತ್ತಿನ ವಿಷಯ. ಅಂಗಡಿಯಲ್ಲಿ ಗಡಿಯಾರವೇ ಇರಲಿಲ್ಲ. ಮಠದ ಭಜನೆಯಲ್ಲಿ ಕಲಿತ ತತ್ವಪದಗಳನ್ನು ಹಾಡುತ್ತ ಹೊಲಿಯುವುದು ಅವನ ರೂಢಿ, ಹೀಗಾಗಿ ಅವನ ಲೆಕ್ಕವೆಲ್ಲ ಪದಗಳಲ್ಲೇ. ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಅವ್ವ "ಎರಡು ಹಾಡಿನ್ಯಾಗ ಹಿಟ್ಟು ಆಗತೈತಿ" ಅನ್ನುತ್ತಿದ್ದಳು. ಅವಳ ತಮ್ಮನಾದ ಮಾವನೂ ಅದನ್ನೇ ಹಿಡಿದಿದ್ದ. "ನನ್ನ ಜಂಪರು ಯಾವಾಗ ಆಗತೈತೋ ಟೇಲರ್?" ಎಂದು ಹೆಂಗಸರು ಕೇಳಿದರೆ "ಎರಡು ಪದ ಕುಂದ್ರ ಬೇ" ಅನ್ನುತ್ತಿದ್ದ. ಅವರೂ ಕೂರುತ್ತಿದ್ದರು. ಪದ ಮುಗಿಯುತ್ತಿದ್ದವು, ಜಂಪರು ಮುಗಿಯುತ್ತಿರಲಿಲ್ಲ.

ನಾನು ಆಗ ಹೈಸ್ಕೂಲು. ಓಡುವ ಹುಚ್ಚು ನನಗೆ ಎಲ್ಲಿಂದ ಹತ್ತಿತೋ, ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹುಡುಗರ ಜೊತೆ ಪಂದ್ಯ ಕಟ್ಟಿ ಓಡುತ್ತಿದ್ದೆ, ಗೆಲ್ಲುತ್ತಿದ್ದೆ, ಬಂದು ಅವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ. ಮಾವ ಒಬ್ಬನೇ ಹಿಗ್ಗಿದವನು. ಹಿಗ್ಗಿ ಏನು ಮಾಡಿದ? ನನಗೆ ಓಡಲು ಒಂದು ಪ್ಯಾಂಟು ಹೊಲಿದುಕೊಟ್ಟ. ಅಯ್ಯೋ, ಅದು ಪ್ಯಾಂಟೇ? ಅದರಲ್ಲಿ ನನ್ನಂಥ ಇಬ್ಬರು ಬಾಡಿಗೆಗೆ ಇರಬಹುದಿತ್ತು! ಓಡತೊಡಗಿದರೆ ಗಾಳಿ ತುಂಬಿಕೊಂಡು ಪಟಪಟ ಬಡಿಯುತ್ತಿತ್ತು, ಹಿಂದಿನಿಂದ ನಾಯಿಗಳು ಬೆನ್ನು ಹತ್ತುತ್ತಿದ್ದವು. ನನ್ನ ಓಟ ಚುರುಕಾಗಿದ್ದರೆ ಅದರಲ್ಲಿ ಮಸ್ಕಿಯ ನಾಯಿಗಳ ಪಾಲೂ ಇದೆ.

ಅಪ್ಪ ಇದಕ್ಕೆಲ್ಲ ವಿರುದ್ಧ. ಅವನು ಸಿಂಧನೂರಿನ ಒಂದು ಅಡತ್ ಅಂಗಡಿಯಲ್ಲಿ ಭತ್ತ, ಜೋಳ ತೂಗುವ ಕೆಲಸದವನು. ಬೆಳಿಗ್ಗೆ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ತಕ್ಕಡಿಯ ಮುಳ್ಳು ಹೇಳಿದ್ದು ನಿಜ, ಉಳಿದದ್ದೆಲ್ಲ ಮಂದಿಯ ಮಾತು ಎಂಬುದು ಅವನ ಧರ್ಮ. ಅಷ್ಟರಲ್ಲಿ ಮುಕ್ಕುಂದದಿಂದ ನನಗೊಂದು ಸಂಬಂಧ ಬಂತು. ಹೊಳೆದಂಡೆಯ ಗದ್ದೆ, ಮನೆ ತುಂಬ ಭತ್ತ, ಒಬ್ಬನೇ ಮಗ. ನನಗೆ ಇನ್ನೂ ಹತ್ತನೆಯ ಇಯತ್ತೆಯ ಪುಸ್ತಕವೂ ಬಂದಿರಲಿಲ್ಲ! ನಾನು ಅತ್ತುಬಿಟ್ಟೆ. ಮಾವ ಎದ್ದು ನಿಂತು, "ಆಕಿ ಓಡ್ತಾಳ ರೀ, ಮುಂದ ಡ್ರಿಲ್ ಟೀಚರ್ ಆಗತಾಳ. ಸಾಲಿ ಬಿಡಿಸಬ್ಯಾಡ್ರಿ" ಎಂದ.

"ಓಡತಾಳ ಅಂದ್ರ ಎಷ್ಟು ಓಡತಾಳ?" ಎಂದ ಅಪ್ಪ. "ತೂಕಕ್ಕ ಹಾಕಿ ತೋರಸು. ದಿನಾ ಚುರುಕು ಆಗಾಕತ್ತಿದ್ರ ಸಾಲೀನೂ ಇರ್ಲಿ, ಓಟಾನೂ ಇರ್ಲಿ. ಮಂದ ಆದ ದಿನ ನಾ ಮುಕ್ಕುಂದಕ್ಕ ಹೂಂ ಅಂತೀನಿ. ಒಂದು ಗಡಿಯಾರ ತಗೊಂಡ್ ಬಾ, ನೋಡೂಣು."

"ತರ್ತೀನಿ ರೀ. ಗಡಿಯಾರ ನಾನೇ ತರಬೇಕು. ಹುಡುಗಿಗೆ ಮೊದಲನೇ ಗಡಿಯಾರ ಸೋದರಮಾವಂದೇ ಆಗಬೇಕು. ನಮ್ಮಾಗ ಪದ್ಧತಿ ಐತಿ."

ಎಲ್ಲಿಯ ಪದ್ಧತಿ? ಹುಡುಗಿ ದೊಡ್ಡವಳಾದಾಗ ಸೋದರಮಾವ ಸೀರೆ ತರುವುದು ಪದ್ಧತಿ. ಗಡಿಯಾರ ತರುವುದನ್ನು ಯಾವ ಅಜ್ಜ ಯಾವ ಮುತ್ತಜ್ಜ ಮಾಡಿಟ್ಟಿದ್ದ? ಅವರಲ್ಲಿ ಯಾರಾದರೂ ಗಡಿಯಾರ ಕಂಡಿದ್ದರೇ? ಆದರೆ ಪದ್ಧತಿ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ. ಅಪ್ಪನೂ ತಲೆಯಾಡಿಸಿದ. ಗಡಿಯಾರ ಬರುವ ತನಕ ಮಾವನ ಪದವೇ ಅಳತೆ ಎಂದು ತೀರ್ಮಾನವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಅಪ್ಪ ಬೇವಿನ ಮರದ ಕಟ್ಟೆಯ ಮೇಲೆ ಕೂರುವುದು. ಮಾವ ನಾಲ್ಕು ನುಡಿಯ ಒಂದು ಪದ ಎತ್ತಿಕೊಳ್ಳುವುದು. ನಾನು ಲಿಂಗಸುಗೂರು ರಸ್ತೆಯ ಕಿಲೋಮೀಟರ್ ಕಲ್ಲು ಮುಟ್ಟಿ, ಪದ ಮುಗಿಯುವುದರೊಳಗೆ ತಿರುಗಿ ಬರುವುದು. ಬಂದರೆ ಸಾಲೆ, ಬರದಿದ್ದರೆ ಮುಕ್ಕುಂದ.

ಹೇಗೆ ಓಡುತ್ತಿದ್ದೆ ಅಂತೀರಿ! ನೂರು ಹೆಜ್ಜೆ ಹೋಗುವಷ್ಟರಲ್ಲಿ ಮಾವನ ದನಿ ಹಿಂದೆ ಬೀಳುತ್ತಿತ್ತು. ಆಮೇಲೆ ನನ್ನ ಉಸಿರು, ಪ್ಯಾಂಟಿನ ಪಟಪಟ, ನಾಯಿಗಳು, ಅಷ್ಟೆ. ಕಲ್ಲು ಮುಟ್ಟಿ ತಿರುಗಿ ಬರುವಾಗ ಮತ್ತೆ ದನಿ ಕಿವಿಗೆ ಬೀಳುವ ಹೊತ್ತಿಗೆ ಅವನು ಕೊನೆಯ ನುಡಿಯ ಕೊನೆಯ ಸಾಲಿನಲ್ಲಿರುತ್ತಿದ್ದ. ಜೀವ ಬಾಯಿಗೆ ಬರುತ್ತಿತ್ತು. ಬಂದು ಮರ ಮುಟ್ಟಿದ ಮೇಲೆಯೇ ಪದ ಮುಗಿಯುತ್ತಿತ್ತು. ಒಂದು ವಾರವೂ ತಪ್ಪಲಿಲ್ಲ! ನನಗೆ ನನ್ನ ಮೇಲೆ ಎಷ್ಟು ಜಂಬ ಬಂತೆಂದರೆ, ಸಾಲೆಯಲ್ಲಿ ನೆಲ ನೋಡಿ ನಡೆಯುವುದನ್ನೇ ಬಿಟ್ಟೆ.

ಆದರೆ ಪದದಲ್ಲಿ ಓಡಿದ್ದನ್ನು ಹೊರಗೆ ಯಾರಿಗೆ ಹೇಳುವುದು? "ನಿನ್ನ ಟೈಮ್ ಎಷ್ಟು?" ಎಂದು ತಾಲೂಕಿನ ಬೇರೆ ಹುಡುಗಿಯರು ಕೇಳಿದರೆ "ನಾಲ್ಕು ನುಡಿ" ಅನ್ನಲೇ? ಗಡಿಯಾರ ಬೇಕೇ ಬೇಕಿತ್ತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ವನವಾಸ.

ಮೊದಲು ಸಿಂಧನೂರಿಗೆ ಕರೆದುಕೊಂಡು ಹೋದ. ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಸಾಹೇಬರ ಗಡಿಯಾರದ ಅಂಗಡಿ. ಒಂದು ಕಣ್ಣಿಗೆ ಭೂತಕನ್ನಡಿ ಸಿಗಿಸಿಕೊಂಡು ಕೂತಿರುತ್ತಿದ್ದರು. ಬಹಳ ತಾಳ್ಮೆಯ ಮನುಷ್ಯ, ಮಾವ ಬರುವವರೆಗೆ. ಕೀಲಿ ಕೊಡುವ ಗಡಿಯಾರ ತೋರಿಸಿದರು. ಹೆಂಗಸರ ಚಿಕ್ಕ ಗಡಿಯಾರ, ಗಂಡಸರ ದೊಡ್ಡ ಗಡಿಯಾರ, ಕತ್ತಲಲ್ಲಿ ಹೊಳೆಯುವ ಗಡಿಯಾರ, ಎಲ್ಲ ತೋರಿಸಿದರು. ಮಾವ ಒಂದೊಂದನ್ನೇ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ವೈದ್ಯನಂತೆ ಕೇಳಿದ.

"ಈ ಸಣ್ಣ ಮುಳ್ಳು ಭಾಳ ಅವಸರ ಮಾಡತೈತಲ್ರೀ ಸಾಹೇಬ್ರ. ಸ್ವಲ್ಪ ನಿಧಾನ ಮಾಡಾಕ ಆಗಂಗಿಲ್ಲೇನು?"

"ಅರೇ ಟೇಲರ್ ಸಾಬ್, ಅದು ಸೆಕೆಂಡ್ ಮುಳ್ಳು! ನಿಧಾನ ಮಾಡಿದ್ರ ಗಡಿಯಾರ ಕೆಟ್ಟೈತಿ ಅಂತಾರ."

"ಹಂಗಾದ್ರ ಕೆಟ್ಟದ್ದು ಒಂದು ಇದ್ರ ತೋರಸ್ರಿ."

ಸಾಹೇಬರು ಕಣ್ಣಿನ ಭೂತಕನ್ನಡಿ ತೆಗೆದು ಬರಿಗಣ್ಣಿನಲ್ಲಿ ಅವನನ್ನು ನೋಡಿದರು. ಆಮೇಲೆ ಒಂದು ದುಬಾರಿ ಗಡಿಯಾರ ಹೊರತೆಗೆದು, ಇದಕ್ಕೆ ನೀರು ಹತ್ತುವುದಿಲ್ಲ ಎಂದರು. "ಹುಡುಗಿ ಭಾಳ ಬೆವರತಾಳ ರೀ, ಪರೀಕ್ಷಾ ಮಾಡಬೇಕು" ಎಂದವನೇ ಮಾವ, ಸಾಹೇಬರು ಬಾಯಿ ತೆಗೆಯುವುದರೊಳಗೆ ಅದನ್ನು ಅವರ ಕುಡಿಯುವ ನೀರಿನ ಮಡಕೆಗೆ ಬಿಟ್ಟ! ಬೆಳಿಗ್ಗೆ ತುಂಬಿದ ನೀರು! ಅಂಗಡಿಯ ಮುಂದೆ ಮಂದಿ ಕೂಡಿದರು. ಮೊಣಕೈ ತನಕ ತೋಯಿಸಿಕೊಂಡು ಗಡಿಯಾರವನ್ನು ಮೇಲೆತ್ತಿದಾಗ ಅದು ಸರಿಯಾಗಿಯೇ ನಡೆಯುತ್ತಿತ್ತು. ಮಾವನ ಮುಖ ಸಪ್ಪಗಾಯಿತು. "ನಡಿತೈತಿ ಖರೆ," ಎಂದ, "ಆದ್ರ ಹೆದರೇತಿ ನೋಡು."

ನಾನು ಬಸ್ಸಿನಲ್ಲಿ ಮಸ್ಕಿಯ ತನಕ ಅಳುತ್ತಲೇ ಬಂದೆ. ಅಲ್ಲ, ನೀರಿಗೆ ಹೆದರಿದ ಗಡಿಯಾರವಂತೆ!

ಮುಂದಿನ ವರ್ಷ ಲಿಂಗಸುಗೂರಿನವನೊಬ್ಬ ದುಬೈಗೆ ಹೋಗಿ ಬಂದ. ಮಾವನ ಗಿರಾಕಿ. ಅವನು ತಂದಿದ್ದ ಒಂದು ವಸ್ತು ಕಂಡು ನನ್ನ ಎದೆ ಹಾರಿತು. ಸೊಂಟಕ್ಕೆ ಸಿಗಿಸಿಕೊಳ್ಳುವ ಪುಟ್ಟ ಗಡಿಯಾರ. ಅದರಲ್ಲಿ ಹೊತ್ತೂ ಕಾಣುತ್ತಿತ್ತು, ಎಷ್ಟು ಹೆಜ್ಜೆ ನಡೆದೆವು, ಎಷ್ಟು ದೂರ ಹೋದೆವು ಎಂಬುದೂ ಕಾಣುತ್ತಿತ್ತು! ಇವತ್ತು ನನ್ನ ಮಗಳು ಉಪಗ್ರಹದಿಂದ ಕೇಳುವುದನ್ನು ಅದು ಯಾರನ್ನೂ ಕೇಳದೆ ತಾನೇ ಹೇಳುತ್ತಿತ್ತು. ಎರಡು ದಿನ ಇಟ್ಟುಕೊಂಡು ನೋಡಿ, ಬೇಕಾದರೆ ತಗೊಳ್ಳಿ ಎಂದು ಅವನು ಕೊಟ್ಟು ಹೋದ. ನಾನು ಕೈ ಚಾಚಿದೆ. ಮಾವ ಕೊಡಲಿಲ್ಲ. "ಮೊದಲು ನಾ ನೋಡತೀನಿ" ಎಂದು ತನ್ನ ಧೋತರದ ಸೊಂಟಕ್ಕೆ ಸಿಗಿಸಿಕೊಂಡು, ಮಷೀನಿನ ಮೇಲೆ ಕೂತ.

ಜೂನ್ ತಿಂಗಳು. ಸಾಲೆ ಶುರುವಾಗುವ ಕಾಲ. ಒಟ್ಟಿದ ನೀಲಿ ಲಂಗಗಳ ರಾಶಿ. ದಿನವಿಡೀ ಪೆಡಲ್ ತುಳಿದ, ಸೊಂಟ ಕುಣಿಯಿತು, ಪದ ಹಾಡಿದ. ಸಂಜೆ ನಾನು ಹೋದಾಗ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

"ಲಿಂಗಸುಗೂರು ದಾಟೀನಿ! ಕುಂತಲ್ಲೇ! ಇನ್ನೊಂದೆರಡು ಲಂಗ ಹೊಲಿದ್ರ ಮುದಗಲ್ಲು!"

ಒಳಗೆ ಗುಂಡಿಗಳಿಗೆ ಕಾಜು ಹೊಲಿಯುತ್ತಿದ್ದ ಅತ್ತೆ ಸೂಜಿಯಿಂದ ತಲೆಯೆತ್ತದೆ ಹೇಳಿದಳು: "ಹಂಗಿದ್ರ ಬರೋ ಮುಂದ ಒಂದೀಟು ಕಾಯಿಪಲ್ಯ ಆದ್ರೂ ತರಬಾರದಾ?"

"ಅದು ಮಷೀನಿನ ಕುಲುಕಿಗೆ ಹಂಗ ಆಗೇತಿ ಮಾವ!" ನಾನು ಕಿರುಚಿದೆ. "ನನಗ ಕೊಡು, ನಾ ಓಡಿ ತೋರಸತೀನಿ."

"ಕುಂತವಗ ಓಡಿದಿ ಅನ್ನೋ ಗಡಿಯಾರ, ಓಡಿದಾಕಿಗೆ ಕುಂತಿ ಅನ್ನಂಗಿಲ್ಲ ಅಂತ ಏನು ಗ್ಯಾರಂಟಿ?"

ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ಕತ್ತರಿ ಎತ್ತಿಕೊಂಡು ಆ ಲಂಗಗಳನ್ನೆಲ್ಲ ಚೂರು ಚೂರು ಮಾಡಬೇಕು ಅನ್ನಿಸಿತು. ಗಡಿಯಾರ ದುಬೈಯವನ ಕೈಗೆ ವಾಪಸು ಹೋಯಿತು.

ಅಪ್ಪ ಸುಮ್ಮನಿರುವವನಲ್ಲ. "ಎಲ್ಲಿ ಬಂತೋ ಗಡಿಯಾರ?" ಎಂದು ವಾರ ವಾರ ಕೇಳುತ್ತಿದ್ದ. ಕೊನೆಗೆ ಸಿಂಧನೂರಿನ ಸಾಹೇಬರಿಗೆ ತಾನೇ ಹೇಳಿ, ರಾಯಚೂರಿನಿಂದ ಓಟದ ಪಂದ್ಯದ ಖಾಸಾ ಗಡಿಯಾರ ತರಿಸಿಬಿಟ್ಟ. ಸ್ಟಾಪ್‌ವಾಚು! ಕೊರಳಿಗೆ ಹಾಕಿಕೊಳ್ಳುವ ದಾರ, ಮೇಲೊಂದು ಗುಂಡಿ. ಒತ್ತಿದರೆ ಮುಳ್ಳು ಹೊರಡುತ್ತದೆ, ಒತ್ತಿದರೆ ನಿಲ್ಲುತ್ತದೆ. ಪದ್ಧತಿಯ ಪ್ರಕಾರ ಮಾವನೇ ನೋಡಿ ಒಪ್ಪಬೇಕಲ್ಲ, ಮೂವರೂ ಹೋದೆವು. ಸಾಹೇಬರು ನೀರಿನ ಮಡಕೆಯನ್ನು ಮೊದಲೇ ಒಳಗೆ ಎತ್ತಿಟ್ಟಿದ್ದರು.

ಮಾವ ಗುಂಡಿ ಒತ್ತಿದ. ನಿಲ್ಲಿಸಿದ. ಮತ್ತೆ ಒತ್ತಿದ. ಮತ್ತೆ ನಿಲ್ಲಿಸಿದ. ಕಿವಿಗೆ ಹಚ್ಚಿಕೊಂಡ. ಹಿಂದೆ ತಿರುಗಿಸಿ ನೋಡಿದ. ಒಂದು ದೋಷವೂ ಸಿಗುತ್ತಿಲ್ಲ ಎಂಬುದು ಅವನ ಹಣೆಯ ಬೆವರಿನಲ್ಲಿ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ. ಆಗ ಅವನು ಗಡಿಯಾರವನ್ನು ಮೆಲ್ಲಗೆ ಗಾಜಿನ ಮೇಲಿಟ್ಟ.

"ಎಲ್ಲಾ ಸರಿ ಐತಿ ರೀ. ಆದ್ರ ಇದು ಕಾಯಂಗಿಲ್ಲ."

"ಗಡಿಯಾರ ಯಾರಿಗೆ ಕಾಯತೈತಿ ಟೇಲರ್ ಸಾಬ್?" ಸಾಹೇಬರು ಕೈ ಜೋಡಿಸಿದರು.

"ಅದಕ್ಕ ಬ್ಯಾಡ."

"ನಿನ್ನ ತಲಿ ಕೆಟ್ಟೈತೇನಲೇ?" ಎಂದ ಅಪ್ಪ.

"ಮೊದಲನೇ ಗಡಿಯಾರ ಸೋದರಮಾವನ ಮನಸ್ಸಿಗೆ ಬರಬೇಕು ರೀ. ಇದು ಬರಲಿಲ್ಲ. ಹಟ ಮಾಡಿ ಕಟ್ಟಿದ್ರ ಹುಡುಗಿಗೆ ಛಲೋ ಆಗಂಗಿಲ್ಲ."

ಪದ್ಧತಿಯ ಮೇಲೆ ಅಪಶಕುನವನ್ನೂ ಹೇರಿಬಿಟ್ಟ! ಅಪ್ಪ ಗುರುಗುಟ್ಟುತ್ತ ಹೊರಗೆ ನಡೆದ. ನಾನು ಮಾವನ ಜೊತೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರಲಿಲ್ಲ. ಇಂಥ ಜಿಪುಣ, ಇಂಥ ಮೊಂಡ, ಇಂಥ ಹಳೇ ಕಾಲದವನು ನನ್ನ ಪಾಲಿಗೇ ಯಾಕೆ ಬಂದನೋ ಎಂದು ಹಲ್ಲು ಕಡಿದೆ.

ಸಿಟ್ಟು ಒಡೆದದ್ದು ಲಿಂಗಸುಗೂರಿನಲ್ಲಿ. ತಾಲೂಕಿನ ಆಟೋಟ. ಅಲ್ಲಿಯ ಒಬ್ಬ ಹುಡುಗಿಗೆ ಅಣ್ಣನಿದ್ದ, ಅಣ್ಣನ ಕೊರಳಲ್ಲಿ ಥಳಥಳ ಸ್ಟಾಪ್‌ವಾಚಿತ್ತು. ಸುತ್ತು ಸುತ್ತಿಗೂ ಅವನು ತಂಗಿಗೆ ಟೈಮ್ ಕೂಗಿ ಹೇಳುತ್ತಿದ್ದ. ನನಗೆ ಯಾರಿದ್ದರು? ಅಳತೆಪಟ್ಟಿ ಹಾಕಿಕೊಂಡು ಮೈದಾನದ ಅಂಚಿಗೆ ನಿಂತ ಮಾವ! ಅಷ್ಟಾದರೆ ನಡೆಯುತ್ತಿತ್ತು. ಓಟ ಶುರುವಾಗುತ್ತಿದ್ದಂತೆ ಆ ಪುಣ್ಯಾತ್ಮ ಗಂಟಲು ಸರಿಮಾಡಿಕೊಂಡು ಅದೇ ಪದ ಎತ್ತಿಕೊಂಡ. ಇಡೀ ತಾಲೂಕಿನ ಎದುರಿಗೆ! ಮೈದಾನವೆಲ್ಲ ನಕ್ಕಿತು. ನಾಚಿಕೆಗೆ ನನ್ನ ಕಿವಿ ಕೆಂಪಾದವು. ಬಾಯಿ ಮುಚ್ಚಿಸಬೇಕೆಂದರೆ ಬೇಗ ಮುಗಿಸುವುದೊಂದೇ ದಾರಿ ಎಂದು ಓಡಿದೆ, ಹಲ್ಲು ಕಚ್ಚಿ ಓಡಿದೆ. ಆ ಹುಡುಗಿ ನನಗಿಂತ ಒಂದು ಉಸಿರು ಮುಂದೆ ಹಗ್ಗ ಮುಟ್ಟಿದಳು. ನಾನು ಎರಡನೆಯವಳು.

ಬಸ್‌ಸ್ಟ್ಯಾಂಡಿನಲ್ಲಿ ಮಾವ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದ. ನಾನು ಪೊಟ್ಟಣ ಕಿತ್ತು ಬೆಂಚಿನ ಮೇಲೆ ಕುಕ್ಕಿದೆ.

"ಒಂದು ಗಡಿಯಾರ ತಂದಿದ್ರ ನಾ ಫಸ್ಟ್ ಬರ್ತಿದ್ದೆ! ಆಕಿ ಅಣ್ಣ ಟೈಮ್ ಹೇಳಿದ, ನೀ ಪದ ಹೇಳಿದಿ! ನಿನ್ನಿಂದನ ಸೋತೆ ನಾ!"

ಮಂದಿ ತಿರುಗಿ ನೋಡಿದರು. ಮಾವ ಚೆಲ್ಲಿದ ಮಂಡಾಳನ್ನು ಒಂದೊಂದೇ ಆರಿಸಿ ಪೊಟ್ಟಣಕ್ಕೆ ಹಾಕಿದ.

"ಬಸ್ಸು ಬಂತು," ಎಂದ. "ಹತ್ತವ್ವ."

ಎರಡನೆಯ ಬಹುಮಾನದ ಸ್ಟೀಲ್ ಲೋಟ ನೋಡಿ ಅಪ್ಪ ಅದನ್ನು ಕೈಯಲ್ಲೇ ತೂಗಿದ. ತಾಲೂಕಿನ ಮಂದಿ ಅಳೆದದ್ದು, ಇನ್ನೇನು ತಕರಾರು? ಮುಕ್ಕುಂದದವರಿಗೆ ಇಲ್ಲ ಎಂದು ಹೇಳಿ ಕಳುಹಿಸಿದ. ನಾನು ಓದಿದೆ, ಡ್ರಿಲ್ ಟೀಚರ್ ತರಬೇತಿಗೆ ಹೋದೆ, ತೊಂಬತ್ತರ ದಶಕದಲ್ಲಿ ಸಿಂಧನೂರಿನ ಒಂದು ಹೆಣ್ಣುಮಕ್ಕಳ ಸಾಲೆಗೆ ಕೆಲಸಕ್ಕೆ ಸೇರಿದೆ. ಸಾಲೆಯವರು ಕೊಟ್ಟ ಸ್ಟಾಪ್‌ವಾಚು ಕೊರಳಿಗೆ ಬಂತು. ಅಂದು ಮಾವ ಬೇಡ ಎಂದ ಗಡಿಯಾರದಂಥದ್ದೇ! ಅದನ್ನು ಹಾಕಿಕೊಂಡೇ ಮಸ್ಕಿಗೆ ಹೋದೆ, ಅವನ ಹೊಟ್ಟೆ ಉರಿಯಲಿ ಎಂದು.

ಮಾವ ಮಷೀನಿನ ಮುಂದೆ ಇದ್ದ. ನನ್ನನ್ನು ಕಂಡದ್ದೇ ತಡ, ಅದೇ ಹಳೆಯ ಪದ ಶುರುಮಾಡಿದ. ನನಗೂ ಕೈ ತುರಿಸಿತು. ನೋಡಿಯೇ ಬಿಡೋಣ ಎಂದು ಗುಂಡಿ ಒತ್ತಿದೆ. ನಾಲ್ಕು ನುಡಿ ಹಾಡಿ ಮುಗಿಸಿದ, ನಾನು ನಿಲ್ಲಿಸಿದೆ. ಮುಳ್ಳು ನೋಡಿದೆ. ಗಡಿಯಾರ ಕೆಟ್ಟಿದೆ ಅನ್ನಿಸಿತು. ಇನ್ನೊಮ್ಮೆ ಹಾಡು ಎಂದೆ, ಹಾಡಿದ. ಮುಳ್ಳು ಮತ್ತೆ ಅಲ್ಲಿಗೇ ಬಂದು ನಿಂತಿತು. ಆ ಹೊತ್ತಿನಲ್ಲಿ ಕಿಲೋಮೀಟರ್ ಕಲ್ಲು ಮುಟ್ಟಿ ಬರುವುದು ನನ್ನಿಂದಲ್ಲ, ನಮ್ಮ ಜಿಲ್ಲೆಯ ಯಾವ ಗಂಡುಮಗನಿಂದಲೂ ಆಗದ ಕೆಲಸ!

"ಮಾವ, ಪದ ಇಷ್ಟೇ ಏನು?"

"ಪದ ಇಷ್ಟೇ."

"ಹಂಗಾದ್ರ ಆವಾಗ?"

ಅವನು ಹಲ್ಲಿನಿಂದ ದಾರ ಕಡಿದ. ಉತ್ತರ ಕೊಟ್ಟವಳು ಒಳಗಿದ್ದ ಅತ್ತೆ. ಅವಳಿಗೆ ನಗು ತಡೆಯಲಾಗಲಿಲ್ಲ.

"ನೀ ಆ ಕಡಿ ಹೋದಿ ಅಂದ್ರ ಇವ ಒಂದೊಂದು ನುಡಿ ಎರಡೆರಡು ಸಲ ಹಾಡಾವ! ರಸ್ತಿ ನೋಡಕೋತ ಹಾಡಾವ. ನೀ ಕಾಣೂತನ ಮೂರನೇ ನುಡಿ ಬಿಡತಿದ್ದಿಲ್ಲ. ನಿಮ್ಮಪ್ಪ ಒಂದ್ಸಲ, ಇದೇನಲೇ ಹೋದ ವಾರಕ್ಕಿಂತ ಉದ್ದ ಆತು ಅಂದ್ರ, ಇವತ್ತ ಏಕಾದಶಿ ರೀ, ಆಲಾಪ ಮಾಡಬೇಕಾಗತೈತಿ ಅಂದಾನ ನೋಡು!"

ನಾನು ನಗಲಿಲ್ಲ. ಮೈಯೆಲ್ಲ ಉರಿದುಹೋಯಿತು. ಗಡಿಯಾರಗಳೆಲ್ಲ ಯಾಕೆ ಸರಿಯಿರಲಿಲ್ಲ ಎಂಬುದು ಒಂದೇ ಏಟಿಗೆ ತಿಳಿಯಿತು. ಅವು ಸರಿಯಿದ್ದವು, ಅದೇ ತಪ್ಪು! ಸರಿಯಾದ ಗಡಿಯಾರವೊಂದು ಆ ಕಟ್ಟೆಯ ಮೇಲೆ ಅಪ್ಪನ ಕೈಗೆ ಸಿಕ್ಕಿದ್ದರೆ ನಾನು ಇಷ್ಟು ಹೊತ್ತಿಗೆ ಮುಕ್ಕುಂದದಲ್ಲಿ ಭತ್ತ ಒಣಗಿಸುತ್ತಿದ್ದೆ. ಅದು ತಿಳಿದರೂ ಸಿಟ್ಟು ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ಹಾಗಾದರೆ ಆ ಭಾನುವಾರಗಳ ನನ್ನ ಗೆಲುವೆಲ್ಲ ಸುಳ್ಳೇ? ನಾನು ಚುರುಕಾಗಿರಲೇ ಇಲ್ಲವೇ?

"ನೀ ನನಗ ಮೋಸ ಮಾಡಿದಿ," ಎಂದೆ. "ನಾ ಓಡತೀನಿ ಅಂತ ತಿಳಕೊಂಡಿದ್ದೆ."

"ಮೊದಮೊದಲು ಹಿಗ್ಗಿಸತಿದ್ದೆ, ಖರೆ." ಮಾವ ನನ್ನ ಮುಖ ನೋಡದೆ ಹೇಳಿದ. "ಬೆಳೆಯೋ ಮೈ, ಬಿಟ್ಟೇ ಹೊಲೀಬೇಕು. ಆಮ್ಯಾಲೆ ವಾರ ವಾರ ಒಂದೀಟು ಹಿಡಕೋತ ಬಂದೆ. ಕಡೀಕ ಒಂದೊಂದು ನುಡಿ ಎರಡು ಸಲ ಬ್ಯಾಡಾತು, ಒಂದೇ ನುಡಿ ಹಿಗ್ಗಿಸಿದ್ರ ಸಾಕಾತು. ನೀ ಅಂಗಿ ತುಂಬಿದಿ ಬೇ."

ನಾನು ಎದ್ದು ಬಂದುಬಿಟ್ಟೆ. ತಿಂಗಳುಗಟ್ಟಲೆ ಅವನ ಅಂಗಡಿಯ ಕಡೆ ಸುಳಿಯಲಿಲ್ಲ.

ಅವನಿಗೆ ಮಾನ ಮರ್ಯಾದೆ ಇದ್ದರೆ ತಾನೇ! ಒಂದು ದಿನ ನಮ್ಮ ಸಾಲೆಯ ಹುಡುಗಿಯರಿಗೆಂದು ಓಟದ ಪ್ಯಾಂಟುಗಳ ಗಂಟು ಹೊತ್ತುಕೊಂಡು ಸಿಂಧನೂರಿಗೆ ಬಂದ. ಎಲ್ಲವೂ ಅದೇ ಚೀಲಗಳು. ಮಾತಾಡಿಸದೆ ಮೈದಾನದ ಕಟ್ಟೆ ತೋರಿಸಿದೆ, ಹೋಗಿ ಕೂತ. ಅಂದು ನನ್ನ ತಲೆ ಬೇರೆ ಕಡೆ ಇತ್ತು. ಸಂತೆಕಲ್ಲೂರಿನ ಒಬ್ಬ ಹುಡುಗಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು, ಚೆನ್ನಾಗಿ ಓಡುತ್ತಿದ್ದಳು. ಅವಳ ಅಪ್ಪ ಕರೆದುಕೊಂಡು ಹೋಗಲು ಬಂದು ನಿಂತಿದ್ದ, ಹೆಗಲ ಮೇಲೆ ಟವೆಲು, ಕೈಯಲ್ಲಿ ಅವಳ ಟ್ರಂಕು.

"ಓಡತಾಳ ಅಂತ ಎಲ್ಲಾರೂ ಅಂತೀರಿ ಟೀಚರ್. ಎಷ್ಟು ಓಡತಾಳ? ಜಿಲ್ಲಾಕ್ಕ ಹೋಗುವಷ್ಟು ಐತೋ ಇಲ್ಲೋ, ಗಡಿಯಾರದಾಗ ತೋರಸ್ರಿ. ಇಲ್ಲಂದ್ರ ಕರಕೊಂಡು ಹೋಗತೀನಿ. ಹೊಲದಾಗ ಕೆಲಸ ಬಿದ್ದೈತಿ."

ಮುಳ್ಳು ಎಲ್ಲಿಗೆ ಬರುವುದರೊಳಗೆ ಅವಳು ಬರಬೇಕು ಎಂದು ಅವನಿಗೆ ಗಡಿಯಾರದ ಮೇಲೆ ಬೆರಳಿಟ್ಟು ತೋರಿಸಿದೆ. ಸೀಟಿ ಊದಿದೆ. ಹುಡುಗಿ ಹೊರಟಳು. ಅಪ್ಪ ನಿಂತಿದ್ದಾನೆ, ಟ್ರಂಕು ಇದೆ, ಹೆದರಿಕೆಗೆ ಅವಳ ಕಾಲು ಎಂದಿನಂತೆ ಏಳಲೇ ಇಲ್ಲ. ಕೊನೆಯ ತಿರುವಿಗೆ ಬಂದಾಗ ಮುಖ ಕಪ್ಪಿಟ್ಟಿತ್ತು, ಕಣ್ಣು ಮಾತ್ರ ನನ್ನ ಕೈಯ ಮೇಲಿತ್ತು. ಮುಳ್ಳು ನಾನು ಬೆರಳಿಟ್ಟು ತೋರಿಸಿದ ಗುರುತನ್ನು ಇನ್ನೇನು ಮುಟ್ಟುವುದರಲ್ಲಿತ್ತು. ಅವಳು ಗೆರೆಯಿಂದ ಇನ್ನೂ ಒಂದಿಷ್ಟು ದೂರ ಇದ್ದಳು, ಅವಳ ಅಪ್ಪ ಅವಳನ್ನೇ ನೋಡುತ್ತಿದ್ದ.

ನನ್ನ ಹೆಬ್ಬೆರಳು ಗುಂಡಿ ಒತ್ತಿತು.

ಆಮೇಲೆ ಹುಡುಗಿ ಗೆರೆ ದಾಟಿ ನೆಲಕ್ಕೆ ಕೂತಳು. ನಾನು ನಿಂತ ಗಡಿಯಾರವನ್ನು ಅವಳ ಅಪ್ಪನ ಮುಖದ ಮುಂದೆ ಹಿಡಿದೆ. ಅವನು ಬಗ್ಗಿ ಮುಳ್ಳು ನೋಡಿದ, ಮಗಳನ್ನು ನೋಡಿದ, ಟ್ರಂಕನ್ನು ಕೆಳಗಿಟ್ಟ. "ಹಂಗಾದ್ರ ಇರ್ಲಿ ಬಿಡ್ರಿ" ಎಂದು ಟವೆಲಿನಿಂದ ಅವಳ ಹಣೆ ಒರೆಸಲು ಹೋದ.

ಹಿಂದೆ ಯಾರೋ ಬಂದು ನಿಂತದ್ದು ಗೊತ್ತಾಯಿತು. ಮಾವ. ಕಟ್ಟೆಯ ಮೇಲಿನಿಂದ ಗೆರೆಯೂ ಕಾಣುತ್ತದೆ, ನನ್ನ ಕೈಯೂ ಕಾಣುತ್ತದೆ. ನನಗೆ ಅವನತ್ತ ತಿರುಗುವ ಧೈರ್ಯ ಬರಲಿಲ್ಲ. ಅವನು ನನ್ನ ಕೊರಳ ದಾರ ಹಿಡಿದೆಳೆದು, ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿದ. ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದ.

"ಇದು ಛಲೋ ಐತಿ ನೋಡವ್ವ," ಎಂದ. "ಇದನ್ನ ತಗೋಬೌದು. ಇದು ಕಾಯತೈತಿ."